ಒಲೆಯ ನೆತ್ತಿಯ ಕುಂಕುಮ

"ಗುರುಗಳೇ, ಹಿರಿಯರು ನಡೆಸಿಕೊಂಡು ಬಂದುದನ್ನು ಕೂದಲೆಳೆಯಷ್ಟೂ ತಪ್ಪದೆ ನಡೆಸುವವನಿಗೆ ದೋಷ ತಟ್ಟುವುದುಂಟೇ?"

ಹೀಗೆಂದು ಕೇಳಿದವನು ಸೀತಾಪತಿಯೆಂಬ ಶಿಷ್ಯ. ತಂದೆ ತೀರಿಕೊಂಡ ಮೇಲೆ ಮನೆಯ ಹಿರಿತನವನ್ನು ಹೊತ್ತವನು. ಅವನ ಪ್ರಶ್ನೆಯಲ್ಲಿ ಸಂದೇಹಕ್ಕಿಂತ ಭರವಸೆಯೇ ಹೆಚ್ಚಾಗಿತ್ತು. ಇಲ್ಲವೆಂಬ ಉತ್ತರವನ್ನು ಮನಸ್ಸಿನಲ್ಲಿ ಸಿದ್ಧವಾಗಿಟ್ಟುಕೊಂಡೇ ಕೇಳಿದ್ದ. ಗುರುಗಳು ಅವನ ಮುಖವನ್ನು ನೋಡಿದರು. ಉಂಟೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. "ಕುಳಿತುಕೋ" ಎಂದು ಹೇಳಿ ಈ ಕತೆಯನ್ನು ಆರಂಭಿಸಿದರು.

ಒಬ್ಬ ವರ್ತಕನಿದ್ದ. ಜವಳಿಯ ವ್ಯಾಪಾರದಲ್ಲಿ ತಲೆ ನರೆಯಿಸಿಕೊಂಡು, ಕೈಕಾಲು ಗಟ್ಟಿಯಾಗಿರುವಾಗಲೇ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಗಾಡಿಮನೆಯನ್ನು ಮಾಡಿಸಿದರು. ಗಾಡಿಮನೆಯೆಂದರೆ ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಕ್ರದ ಮನೆ. ಅದರೊಳಗೆ ಮಲಗಲು ಎರಡು ಹಲಗೆ, ನೀರಿನ ತೊಟ್ಟಿ, ಮೂಲೆಯಲ್ಲಿ ಒಂದೇ ಉರಿಯ ಗ್ಯಾಸಿನ ಒಲೆ. ಅನಿಲದ ಸಿಲಿಂಡರು ಹೊರಗಿನ ಪೆಟ್ಟಿಗೆಯಲ್ಲಿ. ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗುವುದು, ನೀರು ನೆರಳು ಕಂಡಲ್ಲಿ ಗಾಡಿಯನ್ನು ನಿಲ್ಲಿಸುವುದು, ಬೇಯಿಸಿಕೊಂಡು ಉಣ್ಣುವುದು, ಮುಂದಕ್ಕೆ ಸಾಗುವುದು. ಆ ದಂಪತಿಗಳು ಕೆಲವು ಕಾಲ ಹೀಗೆ ಸುಖವಾಗಿದ್ದರು.

ಹೆಂಡತಿಯ ಹೆಸರು ವಾಸವಿ. ಅಡುಗೆಗೆ ಮೊದಲು ಒಲೆಗೆ ಅರಿಸಿನ ಕುಂಕುಮವಿಡುವುದು ಅವಳ ತವರಿನ ಪದ್ಧತಿ. ಗಾಡಿಮನೆಯ ಒಲೆಗೆ ಬೊಟ್ಟಿಡುವಷ್ಟು ಅಗಲವಾದ ಮೈ ಇರಲಿಲ್ಲ. ಅದರ ಮುಖವೆಲ್ಲ ಉರಿಯನ್ನು ಏರಿಸಿ ಇಳಿಸುವ ತಿರುಗಣಿಗೇ ಸರಿಹೋಗಿತ್ತು. ಆದ್ದರಿಂದ ಅವಳು ಬರ್ನರಿನ ನೆತ್ತಿಯ ಮೇಲೆಯೇ, ಉರಿ ಏಳುವ ತೂತುಗಳ ನಡುವೆ, ನೀರಿನಲ್ಲಿ ಕಲಸಿದ ಅರಿಸಿನವನ್ನು ಒತ್ತಿ ಅದರ ಮೇಲೆ ಕುಂಕುಮವನ್ನು ಇಡುತ್ತಿದ್ದಳು. ವರ್ತಕನು ಹೊತ್ತೇರಿ ಏಳುವವನು. ಅಂಗಡಿಯಲ್ಲಿ ಬಹುಕಾಲ ದುಡಿದವನಿಗೆ ಬೆಳಗಿನ ನಿದ್ದೆಯೇ ಸಿಕ್ಕ ಸಂಬಳವಾಗಿತ್ತು. ಅವನು ಕಣ್ಣು ತೆರೆಯುವ ಹೊತ್ತಿಗೆ ಪ್ರತಿದಿನವೂ ಕಾಣುತ್ತಿದ್ದುದು ಒಂದೇ ನೋಟ. ಹೆಂಡತಿ ಬಾಗಿ, ಒಲೆಯ ನೆತ್ತಿಗೆ ಉಂಗುರದ ಬೆರಳನ್ನು ಒತ್ತುತ್ತಿರುವುದು. ಬಳಿಕ ಲೈಟರು ಚಟಕ್ಕೆನ್ನುವುದು, ನೀಲಿಯ ಉರಿ ಸುತ್ತಲೂ ಒಂದೇ ಸಮನಾಗಿ ಏಳುವುದು.

ವಾಸವಿಗೆ ಒಂದು ಆಸೆಯಿತ್ತು. ತನ್ನ ತಾಯಿಯನ್ನು ಉತ್ತರದ ಬೆಟ್ಟಗಳಿಗೆ ಕರೆದುಕೊಂಡು ಹೋಗಿ ನದಿಯ ಹುಟ್ಟಿನಲ್ಲಿ ಮೀಯಿಸಬೇಕು ಎಂಬುದು. ತಾಯಿಗೆ ಇವಳೊಬ್ಬಳೇ ಮಗಳು. ಮುದುಕಿಯ ಕಣ್ಣಿಗೆ ಪೊರೆ ಬಂದಿತ್ತು. ಎದೆಯಲ್ಲಿ ಉಬ್ಬಸವಿತ್ತು. ಆದರೂ ಮಗಳ ಮಾತಿಗೆ ಒಪ್ಪಿ ಹೊರಟಳು. ತಾಯಿ ಮಗಳು ಒಂದು ಹಲಗೆಯಲ್ಲಿ, ವರ್ತಕನು ಇನ್ನೊಂದರಲ್ಲಿ. ಅರ್ಧದಾರಿಯಲ್ಲಿ ವಾಸವಿಗೆ ಜ್ವರ ಹಿಡಿಯಿತು. ಒಂದು ಬೆಳಗ್ಗೆ ಒಲೆಗೆ ಬೊಟ್ಟಿಟ್ಟವಳು ಒಲೆಯನ್ನು ಹೊತ್ತಿಸುವ ಮೊದಲೇ ತಲೆ ಸುತ್ತಿ ಕುಳಿತಳು. ಆಸ್ಪತ್ರೆಗೆ ಸೇರಿಸಿದರು. ಅವಳು ಮರಳಿ ಬರಲಿಲ್ಲ.

ಊರಿನಲ್ಲಿ ಕರ್ಮಾಂತರಗಳು ಮುಗಿದವು. ಬಂದವರು ಹೋದರು. ವರ್ತಕನಿಗೆ ಮನೆಯೊಳಗೆ ಕಾಲಿಡಲು ಮನಸ್ಸಾಗಲಿಲ್ಲ. ಅಂಗಳದಲ್ಲಿ ನಿಂತಿದ್ದ ಗಾಡಿಮನೆಯಲ್ಲಿಯೇ ಮಲಗಿದ, ಅಲ್ಲಿಯೇ ಬೇಯಿಸಿಕೊಂಡ. ಮೊದಲ ದಿನ ಒಲೆಯ ಮುಂದೆ ನಿಂತಾಗ ಅದರ ನೆತ್ತಿಯ ಮೇಲೆ ಹೆಂಡತಿಯಿಟ್ಟ ಬೊಟ್ಟು ಒಣಗಿಕೊಂಡು ಇದ್ದಂತೆಯೇ ಇತ್ತು. ಬೆರಳಿನ ಗುಂಡು ಗುರುತೂ ಕಾಣುತ್ತಿತ್ತು. ಅವನು ಬಹಳ ಹೊತ್ತು ನೋಡಿದ. ಅನಂತರ ಅವಳ ಭರಣಿಯನ್ನು ತೆರೆದು, ಅರಿಸಿನವನ್ನು ಕಲಸಿ, ಆ ಗುರುತಿನ ಮೇಲೆಯೇ ತನ್ನ ಬೆರಳನ್ನು ಇಟ್ಟು ಬೊಟ್ಟನ್ನು ಒತ್ತಿದ. ಅಂದು ಅವನಿಗೆ ಅನ್ನ ಸೇರಿತು.

ಅಂದಿನಿಂದ ಒಂದು ದಿನವೂ ಅವನು ತಪ್ಪಲಿಲ್ಲ. ಹೊತ್ತೇರಿ ಏಳುವ ಚಾಳಿಯನ್ನು ಬಿಟ್ಟ. ಮಿಂದು, ಒದ್ದೆಬಟ್ಟೆಯಲ್ಲಿಯೇ ಬಂದು ಬೊಟ್ಟಿಡುತ್ತಿದ್ದ. ಒಂದರ ಮೇಲೊಂದು ಬೊಟ್ಟು ಕೂತಿತು. ದಿನದಿನದ ಉರಿಯಲ್ಲಿ ಬೆಂದು ಅದು ಕುಂಬಾರನ ಆವಿಗೆಯಿಂದ ತೆಗೆದ ಮಣ್ಣಿನಂತೆ ಗಟ್ಟಿಯಾಯಿತು. ನೆತ್ತಿಯನ್ನು ತುಂಬಿ, ಅಂಚಿನತ್ತ ಇಳಿಯಿತು. ನೆಂಟರು ಬಂದರೆ ಅವನು ಅದನ್ನು ತೋರಿಸುತ್ತಿದ್ದ. "ಅಡಿಯಲ್ಲಿರುವುದು ಅವಳ ಕೈಯದು. ನಾನು ಅದನ್ನು ಅಳಿಯಗೊಟ್ಟಿಲ್ಲ" ಎನ್ನುತ್ತಿದ್ದ. ಕೇಳಿದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಬೆಳೆದಷ್ಟೂ ಅವನಿಗೆ ಸಮಾಧಾನ ಬೆಳೆಯಿತು.

ವರುಷ ತಿರುಗಿದ ಮೇಲೆ ಅವನು ಅತ್ತೆಯ ಮನೆಗೆ ಹೋಗಿ ಕೈಮುಗಿದ.

"ಅತ್ತೆ, ಹೊರಡೋಣ. ಅವಳು ಆಡಿದ ಮಾತು ಅರ್ಧದಾರಿಯಲ್ಲಿ ನಿಂತುಹೋಗಿದೆ."

ಮುದುಕಿ ನಕ್ಕಳು. "ನನ್ನ ಉಸಿರೂ ಅರ್ಧದಾರಿಯಲ್ಲಿಯೇ ನಿಲ್ಲುತ್ತದಲ್ಲ, ಅಳಿಯಂದಿರೇ! ಹೋಗುವುದು ಒಳ್ಳೆಯದೇ. ಬರುವ ಭರವಸೆಯನ್ನು ಮಾತ್ರ ನನ್ನಿಂದ ಕೇಳಬೇಡಿ."

"ನಿಮ್ಮನ್ನು ಹೂವಿನಂತೆ ಕರೆದೊಯ್ಯುತ್ತೇನೆ."

"ಹೂವು ಬಾಡುತ್ತದೆ. ಮುದುಕಿಯಂತೆಯೇ ಕರೆದುಕೊಂಡು ಹೋಗಿ. ಹೊತ್ತು ಹೊತ್ತಿಗೆ ಬಿಸಿನೀರು ಕೊಡಿ, ಅಷ್ಟೇ ಸಾಕು."

ಅವಳು ಕೇಳಿದ್ದು ಸಣ್ಣದೇನಲ್ಲ. ಉಬ್ಬಸ ಏರಿದಾಗ ಕುದಿಯುವ ನೀರಿನ ಹಬೆಯನ್ನು ಮುಸುಕು ಹಾಕಿಕೊಂಡು ಸೇದಬೇಕು, ಶುಂಠಿಯ ಕಷಾಯವನ್ನು ಬಿಸಿಬಿಸಿಯಾಗಿ ಕುಡಿಯಬೇಕು. ಆಗ ಎದೆ ತೆರೆದುಕೊಳ್ಳುತ್ತಿತ್ತು. ಇಲ್ಲವಾದರೆ ನೀರಿನಿಂದ ತೆಗೆದ ಮೀನಿನಂತೆ ಒದ್ದಾಡಬೇಕು. ವರ್ತಕನು ಶುಂಠಿಯನ್ನೂ ಮೆಣಸನ್ನೂ ಡಬ್ಬಿಗಳಲ್ಲಿ ತುಂಬಿಕೊಂಡ. ಎರಡನೆಯ ಸಿಲಿಂಡರನ್ನೂ ಕಟ್ಟಿಕೊಂಡ. ಹೊರಟರು.

ದಾರಿಯಲ್ಲಿ ಮುದುಕಿ ಒಂದೆರಡು ಸಲ ಒಲೆಯ ಕಡೆಗೆ ತಡವರಿಸಿಕೊಂಡು ಹೋದಳು. ವರ್ತಕನು ಅವಳ ಕೈ ಹಿಡಿದು ಹಲಗೆಯ ಮೇಲೆ ಕುಳ್ಳಿರಿಸಿದ. "ನೀವು ಕುಳಿತಿರಿ, ಅತ್ತೆ. ಅದು ಅವಳ ಒಲೆ. ನಾನು ನೋಡಿಕೊಳ್ಳುತ್ತೇನೆ." ಅವನ ದನಿಯಲ್ಲಿದ್ದ ಪ್ರೀತಿಯನ್ನು ಕೇಳಿ ಮುದುಕಿ ಮತ್ತೆ ಆ ಕಡೆಗೆ ಹೋಗಲಿಲ್ಲ.

ಬಯಲುನಾಡು ಮುಗಿದು ಏರು ಶುರುವಾದ ಹೊತ್ತಿಗೆ ಉರಿಯ ಬಣ್ಣ ಬದಲಾಯಿತು. ಸುತ್ತಲೂ ಏಳುತ್ತಿದ್ದ ಉರಿ ಒಂದು ಮಗ್ಗುಲಿಗೆ ವಾಲಿತು. ನೀಲಿಯಾಗಿದ್ದುದು ಹಳದಿಯಾಯಿತು. ಪಾತ್ರೆಯ ತಳ ಕಪ್ಪಾಯಿತು. ಕುಕ್ಕರು ಕೂಗಲು ಬಹಳ ಹೊತ್ತು ತೆಗೆದುಕೊಂಡಿತು.

ಸರಕು ಕೆಟ್ಟಾಗ ವರ್ತಕರು ಮೊದಲು ಕಳುಹಿಸಿಕೊಟ್ಟವನನ್ನು ಶಂಕಿಸುತ್ತಾರೆ, ತಮ್ಮ ಕಪಾಟನ್ನಲ್ಲ. ಇವನೂ ಹಾಗೆಯೇ ಮಾಡಿದ. ಸಿಲಿಂಡರಿನಲ್ಲಿ ಅನಿಲ ಕಡಿಮೆ ತುಂಬಿದ್ದಾರೆಂದು ಬೈದ. ಅದನ್ನು ಎತ್ತಿ ಅಲುಗಾಡಿಸಿದ, ತುಂಬಿಯೇ ಇತ್ತು. ಆದರೂ ಅದನ್ನು ಕಳಚಿ ಇನ್ನೊಂದನ್ನು ಜೋಡಿಸಿದ. ಉರಿ ಹಾಗೆಯೇ ಇತ್ತು. ರೆಗ್ಯುಲೇಟರು ಕೆಟ್ಟಿರಬೇಕೆಂದು ಮುಂದಿನ ಪೇಟೆಯಲ್ಲಿ ಹೊಸದನ್ನು ಕೊಂಡು ಹಾಕಿದ. ಉರಿ ಹಾಗೆಯೇ ಇತ್ತು. ಕೊಳವೆ ಎಲ್ಲಾದರೂ ಮಡಚಿಕೊಂಡಿರಬಹುದೆಂದು ಗಾಡಿಯ ಅಡಿಗೆ ನುಗ್ಗಿ, ಬೆನ್ನಿನ ಮೇಲೆ ಮಲಗಿ, ಕೊಳವೆಯನ್ನು ಬುಡದಿಂದ ತುದಿಯವರೆಗೆ ತಡವಿದ. ಸೋಪಿನ ನೊರೆಯನ್ನು ಕೀಲುಗಳಿಗೆ ಸವರಿ ಗುಳ್ಳೆ ಏಳುವುದೋ ಎಂದು ಕಾದ. ಏಳಲಿಲ್ಲ. ಒಲೆಯ ಹೊಟ್ಟೆಯನ್ನು ಬಿಚ್ಚಿ, ಅನಿಲ ಚಿಮ್ಮುವ ಸಣ್ಣ ತೂತನ್ನು ಊದಿದ. ಗಾಳಿ ಸೇರುವ ಕಿಂಡಿಯನ್ನು ಒರೆಸಿದ. ಎಲ್ಲವೂ ಚೊಕ್ಕಟವಾಗಿದ್ದವು.

ಬರ್ನರೊಂದನ್ನು ಬಿಟ್ಟು ಅವನು ಎಲ್ಲವನ್ನೂ ನೋಡಿದ.

ಒಂದು ಪೇಟೆಯಲ್ಲಿ ಒಲೆ ರಿಪೇರಿಯ ಅಂಗಡಿಗೂ ಹೋದ. ಅಂಗಡಿಯವನು ಬರ್ನರನ್ನು ಕೀಳಲು ಕೈಹಾಕಿದಾಗ ವರ್ತಕನು ಅವನ ಮಣಿಕಟ್ಟನ್ನು ಹಿಡಿದುಕೊಂಡ. ಇದನ್ನು ಬಿಟ್ಟು ಬೇರೇನಾದರೂ ಮಾಡೆಂದ. ಅಂಗಡಿಯವನು ಹೆಗಲು ಕುಣಿಸಿ, ಕೊಳವೆಯೊಂದನ್ನು ಬದಲಿಸಿ ಕಳುಹಿಸಿಕೊಟ್ಟ. ದಾರಿಯುದ್ದಕ್ಕೂ ವರ್ತಕನು ಅವನ ಕೆಲಸವನ್ನು ಹಳಿದುಕೊಂಡೇ ಗಾಡಿ ನಡೆಸಿದ. ದೋಷ ಎಲ್ಲಿದೆಯೆಂದು ಅವನಿಗೆ ತಿಳಿದಿರಲಿಲ್ಲವೆನ್ನುವಂತಿಲ್ಲ. ತಿಳಿದಿತ್ತು. ತಿಳಿದಿದೆಯೆಂಬುದನ್ನು ಅವನು ತನ್ನಿಂದಲೇ ಮರೆಮಾಡಿಕೊಂಡಿದ್ದ.

ಅನ್ನ ಬೇಯುವುದು ನಿಂತಿತು. ಅವಲಕ್ಕಿಯನ್ನು ನೆನೆಸಿ ಮೊಸರು ಕಲಸಿ ಕೊಟ್ಟ. ಮೇಲಕ್ಕೆ ಹೋದಂತೆ ಮೊಸರೂ ಸಿಗಲಿಲ್ಲ. ಮುದುಕಿ ತಣ್ಣೀರಿನಲ್ಲಿ ನೆನೆದ ಅವಲಕ್ಕಿಯನ್ನು ಬಾಯಲ್ಲಿ ಹೊರಳಿಸಿ ನುಂಗಿದಳು. ದೂರಲಿಲ್ಲ. ಮಗಳು ಹೋದ ಮೇಲೆ ಅಳಿಯನಿಗೆ ಭಾರವಾದೆನೆಂಬ ಅಳುಕು ಅವಳಿಗೆ. ಅವನಿಗೋ, ಹೆಂಡತಿಯ ಮಾತನ್ನು ನಡೆಸುತ್ತಿದ್ದೇನೆಂಬ ತೃಪ್ತಿ. ಒಬ್ಬರ ಅಳುಕು ಇನ್ನೊಬ್ಬರ ತೃಪ್ತಿಗೆ ಅಡ್ಡಬರಲಿಲ್ಲ. ಗಾಡಿ ಏರುತ್ತ ಹೋಯಿತು.

ನದಿಯ ಹುಟ್ಟು ಇನ್ನು ಒಂದು ದಿನದ ದಾರಿಯಿದೆಯೆನ್ನುವಾಗ ಮಳೆ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಮುಂದುಗಡೆ ಗುಡ್ಡ ಜಾರಿ ರಸ್ತೆಯ ಮೇಲೆ ಬಿತ್ತು. ಹಿಂದಕ್ಕೆ ತಿರುಗಿಸೋಣವೆಂದರೆ ಹಿಂದೆಯೂ ಕೆಸರು ಇಳಿದಿತ್ತು. ಹತ್ತಿರದಲ್ಲಿ ಮನೆಯಿಲ್ಲ, ಮರವಿಲ್ಲ. ಮರವಿದ್ದರೂ ಆ ಮಳೆಯಲ್ಲಿ ಸೌದೆ ಹೊತ್ತಿಕೊಳ್ಳುತ್ತಿರಲಿಲ್ಲ. ವರ್ತಕನು ಗಾಡಿಯನ್ನು ಬಂಡೆಯ ಮರೆಗೆ ನಿಲ್ಲಿಸಿ ಬಾಗಿಲು ಹಾಕಿದ.

ಚಳಿಗೆ ಮುದುಕಿಯ ಎದೆ ಕಟ್ಟಿತು. ಉಸಿರು ಸಿಳ್ಳಿನಂತೆ ಕೂಗತೊಡಗಿತು. ಅವಳು ಹಲಗೆಯ ಮೇಲೆ ಎದ್ದು ಕುಳಿತು, ಎರಡೂ ಕೈಗಳನ್ನು ಮೊಣಕಾಲಿಗೆ ಊರಿಕೊಂಡಳು.

"ಅಳಿಯಂದಿರೇ, ಸ್ವಲ್ಪ ಹಬೆ ಬೇಕಾಗಿತ್ತು."

ವರ್ತಕನು ಒಲೆ ಹೊತ್ತಿಸಿದ. ಒಂದು ಮೂಲೆಯಲ್ಲಿ ಬತ್ತಿಯಷ್ಟು ಹಳದಿ ಉರಿ ಕಾಣಿಸಿಕೊಂಡು, ಕುಣಿದು, ಆರಿತು. ಮತ್ತೆ ಹೊತ್ತಿಸಿದ. ಆರಿತು. ಸಿಲಿಂಡರಿಗೆ ಚಳಿ ಹಿಡಿದಿರಬೇಕೆಂದು ಮಳೆಯಲ್ಲಿಯೇ ಹೊರಗೆ ಹೋಗಿ ತನ್ನ ಕಂಬಳಿಯನ್ನು ಅದಕ್ಕೆ ಸುತ್ತಿ ಬಂದ. ಹೊತ್ತಿಸಿದ. ಆರಿತು. ಲೈಟರಿನ ಚಟಚಟ ಸದ್ದು ಆ ಪುಟ್ಟ ಮನೆಯನ್ನು ತುಂಬಿತು.

ಮುದುಕಿ ಮೆಲ್ಲನೆ ಇಳಿದಳು. ಗೋಡೆ ಹಿಡಿದುಕೊಂಡು ಬಂದಳು. ಅವನು ತಡೆಯುವಷ್ಟರಲ್ಲಿ ಅವಳ ಕೈ ಒಲೆಯ ಮೇಲಿತ್ತು. ಬೆರಳುಗಳು ಬರ್ನರಿನ ನೆತ್ತಿಯನ್ನು ಮುಟ್ಟಿದವು, ನಿಂತವು, ಮತ್ತೆ ಒಮ್ಮೆ ತಡವಿ ನೋಡಿದವು.

"ಇದೇನು ಇದು! ಒಲೆಯ ಮೇಲೆ ಹುತ್ತ ಬೆಳೆದಿದೆಯಲ್ಲ!"

"ಹುತ್ತವಲ್ಲ, ಅತ್ತೆ. ಕುಂಕುಮ."

"ಎಷ್ಟು ದಿನದ್ದು? ನೀವು ಒರೆಸುವುದಿಲ್ಲವೇ?"

"ಒರೆಸುವುದೇ!" ವರ್ತಕನಿಗೆ ಬೆನ್ನಿನ ಮೇಲೆ ಹೊಡೆದಂತಾಯಿತು. "ಅವಳಿಟ್ಟದ್ದನ್ನು ಒರೆಸುವುದೇ?"

"ಇಟ್ಟವಳೇ ಒರೆಸುತ್ತಿದ್ದಳಲ್ಲ!" ಮುದುಕಿ ಉಸಿರಿಗಾಗಿ ನಿಂತಳು. "ದಿನಾ ಬೆಳಗಾಗುವ ಮುಂಚೆ ಎದ್ದು, ಇದನ್ನು ಕಿತ್ತು, ನಾರು ಹಾಕಿ ಉಜ್ಜಿ, ತೊಳೆದು, ಬಟ್ಟೆಯಿಂದ ಒತ್ತಿ, ಆಮೇಲೆ ಹೊಸದಾಗಿ ಇಡುತ್ತಿದ್ದಳು. ಆ ಉಜ್ಜುವ ಸದ್ದಿಗೇ ನನಗೆ ಎಚ್ಚರವಾಗುತ್ತಿದ್ದದ್ದು. ನಿಮಗೆ ಆಗ ಗೊರಕೆಯ ಹೊತ್ತು. ಚಿಕ್ಕಂದಿನಲ್ಲಿ ಅವಳಿಗೆ ಕಲಿಸಿದವಳು ನಾನು. ನಿನ್ನೆಯ ಬೂದಿಯ ಮೇಲೆ ಯಾರಾದರೂ ಇವತ್ತಿನ ಸೌದೆ ಒಟ್ಟುತ್ತಾರೆಯೇ?"

"ನನಗೆ ಹೇಳಲೇ ಇಲ್ಲವಲ್ಲ, ನೀವು."

"ಹತ್ತಿರ ಬಿಟ್ಟಿದ್ದರೆ ತಾನೇ! ಉಜ್ಜುವ ಸದ್ದು ಕೇಳುತ್ತಿಲ್ಲವಲ್ಲ ಎಂದುಕೊಂಡೆ. ಗಂಡಸಿನ ಕೈಯಾದರೂ ಹಗುರವಾಗಿದೆ ಎಂದು ಮೆಚ್ಚಿಕೊಂಡೆ."

ಅಷ್ಟು ಮಾತಿಗೆ ಅವಳು ದಣಿದಳು. ಅಲ್ಲಿಯೇ ನೆಲದ ಮೇಲೆ ಕುಳಿತಳು. ಅವನು ಅವಳ ಬೆನ್ನನ್ನು ನೀವಿದ. ಬೆನ್ನು ಮಂಜಿನಂತಿತ್ತು. ಕೈಗೆ ಮೂಳೆಗಳು ಒಂದೊಂದಾಗಿ ಸಿಕ್ಕವು.

"ಅತ್ತೆ, ಇದರ ಅಡಿಯಲ್ಲಿ ಅವಳ ಬೆರಳಿದೆ. ಕೊನೆಯ ದಿನ ಅವಳಿಟ್ಟ ಬೊಟ್ಟು. ಅದು ಹೋದರೆ ನನಗೆ ಇನ್ನೇನು ಉಳಿಯಿತು?"

ಮುದುಕಿ ಕೈಯೆತ್ತಿ ಆ ಗಟ್ಟಿಯಾದ ಕುಂಕುಮವನ್ನು ಮತ್ತೊಮ್ಮೆ ಮುಟ್ಟಿದಳು. ಈ ಸಲ ಕೂಸಿನ ನೆತ್ತಿಯನ್ನು ಮುಟ್ಟುವಂತೆ ಮುಟ್ಟಿದಳು.

"ಹೆತ್ತವಳು ನಾನು. ಕೂಸಾಗಿದ್ದಾಗ ಅವಳು ಆ ಬೆರಳನ್ನು ಬಾಯಲ್ಲಿಟ್ಟುಕೊಂಡು ಮಲಗುತ್ತಿದ್ದುದನ್ನು ಕಂಡವಳು. ನಾನೇ ಹೇಳುತ್ತಿದ್ದೇನೆ." ಮದುವೆಯ ದಿನದಿಂದ ಅಂದಿನವರೆಗೆ ಅವಳು ಅಳಿಯನನ್ನು ಬಹುವಚನದಲ್ಲಲ್ಲದೆ ಮಾತನಾಡಿಸಿದವಳಲ್ಲ. "ಒರೆಸು, ಮಗನೇ."

ವರ್ತಕನು ಚಾಕುವನ್ನು ಎತ್ತಿಕೊಂಡ. ಮೇಲಿನ ಪದರಗಳನ್ನು ಕೆತ್ತಿ ತೆಗೆದು, ತಳದ್ದೊಂದನ್ನು ಉಳಿಸಿಕೊಳ್ಳೋಣವೆಂಬುದು ಅವನ ಯೋಚನೆ. ಚಾಕುವಿನ ಮೊನೆಯನ್ನು ಅಂಚಿಗೆ ಕೊಟ್ಟು ಒತ್ತಿದ. ಪದರ ಬಿಡಿಸಿಕೊಳ್ಳಲಿಲ್ಲ. ಗಟ್ಟಿಕಟ್ಟಿದ ಆ ಹೆಕ್ಕಳವೆಲ್ಲ ಒಂದೇ ಮೈಯಾಗಿ ಬುಡದಿಂದ ಅಲುಗಿತು. ಇನ್ನೊಂದಿಷ್ಟು ಒತ್ತಿದರೆ ಪೂರ್ತಿಯಾಗಿ ಎದ್ದುಬರುವುದಾಗಿತ್ತು.

ಅವನ ಕೈ ನಿಂತಿತು.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಅದು ಕೆಟ್ಟ ಉಪಾಯವೇನೂ ಅಲ್ಲ. ಬೇರೊಂದು ದಿನವಾಗಿದ್ದರೆ ಬುದ್ಧಿವಂತಿಕೆಯೆನಿಸಿಕೊಳ್ಳುತ್ತಿತ್ತು. ನಾಳೆ ರಸ್ತೆ ತೆರೆಯುತ್ತದೆ. ಕೆಳಗಿನ ಪೇಟೆಗೆ ಇಳಿದರೆ ಇದೇ ಅಳತೆಯ ಹೊಸ ಬರ್ನರು ಸಿಗುತ್ತದೆ. ಅದನ್ನು ಒಲೆಗೆ ಹಾಕಿ, ಇದನ್ನು ಇದ್ದಂತೆಯೇ ದೇವರ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು. ಒಂದು ಸಂಜೆ ಹೇಗಾದರೂ ಕಳೆದರೆ ಆಯಿತು. ಹೀಗೆ ಲೆಕ್ಕ ಹಾಕಿಕೊಂಡು ಅವನು ಚಾಕುವನ್ನು ಕೆಳಗಿಟ್ಟ. ಸೂಜಿಯೊಂದನ್ನು ಹುಡುಕಿ ತಂದು, ಕುಂಕುಮವು ಪೂರ್ತಿ ಇಳಿಯದಿದ್ದ ಕಡೆಯಲ್ಲಿ ಕೆಲವು ತೂತುಗಳನ್ನು ಚುಚ್ಚಿ ಬಿಡಿಸಿದ. ಹೊತ್ತಿಸಿದ. ಹಣತೆಯಷ್ಟು ಉರಿ ಎದ್ದು ನಿಂತುಕೊಂಡಿತು. ಅದರ ಮೇಲೆ ನೀರನ್ನು ಇಟ್ಟ.

ಹೊರಗೆ ಬೆಳಕು ಕುಂದುವವರೆಗೂ ನೀರು ಒಲೆಯ ಮೇಲಿತ್ತು. ಅದರ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ, ಒಂದೆಳೆ ಹಬೆಯೂ ಆಡಲಿಲ್ಲ. ಮುದುಕಿ ಮುಸುಕು ಹಾಕಿಕೊಂಡು ಕಾದಳು. ಕಡೆಗೆ ಅವನು ಆ ನೀರಿಗೇ ಶುಂಠಿಯನ್ನು ಜಜ್ಜಿ ಹಾಕಿ, ಲೋಟದಲ್ಲಿ ಬಗ್ಗಿಸಿ ಅವಳ ಕೈಗೆ ಕೊಟ್ಟ. ಅವಳು ಒಂದು ಗುಟುಕು ಕುಡಿದಳು.

"ಕಾದಿದೆಯೇ, ಅತ್ತೆ?"

"ಕಾದಿದೆ. ಸಾಕು, ನೀವು ಮಲಗಿ."

ಮತ್ತೆ ಬಹುವಚನ ಬಂದಿತ್ತು. ಪಾತ್ರೆಯಲ್ಲಿ ಉಳಿದುದನ್ನು ಅವನು ತನ್ನ ಬಾಯಿಗೆ ಹಾಕಿಕೊಂಡು ನೋಡಿದ. ಅದು ಅಂಗೈಯಷ್ಟೂ ಬೆಚ್ಚಗಿರಲಿಲ್ಲ. ಮುದುಕಿ ಸುಳ್ಳು ಹೇಳಿದಳೆಂಬುದು ಅವನಿಗೆ ಗೊತ್ತಾಯಿತು. ಆ ಸುಳ್ಳನ್ನು ಅವನು ತೆಗೆದುಕೊಂಡ. ತನ್ನ ಶಾಲನ್ನೂ ಅವಳಿಗೆ ಹೊದಿಸಿ, ನಾಳೆ, ನಾಳೆ ಎಂದುಕೊಳ್ಳುತ್ತ ಮಲಗಿದ.

ಬೆಳಗ್ಗೆ ಮಳೆ ನಿಂತಿತ್ತು. ಸಿಳ್ಳಿನ ಸದ್ದೂ ನಿಂತಿತ್ತು. ಮುದುಕಿ ಗೋಡೆಗೆ ಒರಗಿ ಕುಳಿತಂತೆಯೇ ತೀರಿಕೊಂಡಿದ್ದಳು. ತಲೆಯ ಮೇಲಿನ ಮುಸುಕು ಹಾಗೆಯೇ ಇತ್ತು.

ಸ್ವಲ್ಪ ಹೊತ್ತಿಗೆ ರಸ್ತೆ ಕೆಲಸದವರು ಗುದ್ದಲಿಗಳನ್ನು ಹೊತ್ತು ಬಂದರು. ಅವರಲ್ಲಿ ಹೆಂಗಸರಿದ್ದರು. ಗಾಡಿಯ ಬಾಗಿಲಲ್ಲಿ ನಿಂತಿದ್ದವನನ್ನು ಕಂಡು ಒಳಗೆ ಇಣುಕಿದರು. ಅವರಿಗೆ ಯಾರೂ ಏನನ್ನೂ ಹೇಳಬೇಕಾಗಲಿಲ್ಲ. ಹಿರಿಯಳೊಬ್ಬಳು ಸೆರಗು ಬಿಗಿದುಕೊಂಡು, ಹೊಳೆಗೆ ಒಯ್ಯುವ ಮೊದಲು ಮೀಯಿಸಬೇಕು, ಹೆಣ್ಣು ಜೀವ, ಅದನ್ನು ನಾವು ಮಾಡುತ್ತೇವೆ, ನೀನು ನೀರು ಕಾಯಿಸಿಕೊಡು ಎಂದಳು. ವರ್ತಕನ ಕುಲದಲ್ಲಿಯೂ ಕೊನೆಯ ಮೀಹಕ್ಕೆ ತಣ್ಣೀರು ಸುರಿಯುವ ಪದ್ಧತಿಯಿಲ್ಲ. ಬಿಸಿನೀರು ಆಗಲೇಬೇಕು. ಅದನ್ನು ಮೀರುವುದು ಅವನಿಂದ ಆಗದ ಮಾತು.

ಅವನು ಒಳಗೆ ಹೋಗಿ ಚಾಕುವನ್ನು ಎತ್ತಿಕೊಂಡ. ಅಂಚಿಗೆ ಕೊಟ್ಟು ಒತ್ತಿದ. ಹೆಕ್ಕಳ ಪೂರ್ತಿಯಾಗಿ, ಒಂದೇ ತುಂಡಾಗಿ ಎದ್ದುಬಂದು ಅವನ ಅಂಗೈಗೆ ಬಿತ್ತು. ಅದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ, ಬಲವೂ ಬೇಕಾಗಲಿಲ್ಲ. ಅವನು ಅದನ್ನು ಮಗುಚಿ ತಳವನ್ನು ನೋಡಿದ. ಬೆರಳಿನ ಗುರುತು ಅಲ್ಲಿರಲಿಲ್ಲ. ಕೆಂಪೂ ಇರಲಿಲ್ಲ, ಹಳದಿಯೂ ಇರಲಿಲ್ಲ. ಸುಟ್ಟು ಕಪ್ಪಾದ ಬರಿಯ ಮಡಕೆಯ ಚೂರಿನಂತಿತ್ತು. ಅವನೇ ಹೊತ್ತಿಸಿದ ಮೊದಲ ದಿನದ ಉರಿಯಲ್ಲಿಯೇ ಅದು ಹೊತ್ತಿಹೋಗಿರಬೇಕು. ಆಮೇಲೆ ಅವನು ಕಾದುಕೊಂಡು ಬಂದದ್ದೆಲ್ಲ ತನ್ನ ಬೆರಳನ್ನೇ.

ಬರ್ನರನ್ನು ಕಿತ್ತು ಉಜ್ಜಿದ, ತೊಳೆದ, ಒತ್ತಿ ಒರೆಸಿದ. ಕೂರಿಸಿ ಹೊತ್ತಿಸಿದ. ಉರಿ ಸುತ್ತಲೂ ಒಂದೇ ಸಮನಾಗಿ ಎದ್ದಿತು. ಎಲ್ಲಿಯೂ ವಾಲಲಿಲ್ಲ, ಎಲ್ಲಿಯೂ ಹಳದಿಯಾಗಲಿಲ್ಲ. ದೊಡ್ಡ ಪಾತ್ರೆಯ ತುಂಬ ನೀರಿಟ್ಟ. ಅದು ಕೊತಕೊತ ಮರಳಿತು. ಹಬೆ ಎದ್ದು ಗಾಡಿಮನೆಯನ್ನೆಲ್ಲ ತುಂಬಿತು, ಗಾಜುಗಳು ಮಸುಕಾದವು, ಗೋಡೆಗಳಲ್ಲಿ ನೀರಿಳಿಯಿತು. ಆ ಹಬೆಯ ನಡುವೆ ಮುದುಕಿ ಬಾಯಿ ತೆರೆದುಕೊಂಡು ಕುಳಿತಿದ್ದಳು. ವರ್ತಕನು ಅವಳೆದುರಿಗೆ ನಿಂತಿದ್ದ. ಹೊರಗಿನಿಂದ ಹೆಂಗಸರು ನೀರು ಕಾಯಿತೇ ಎಂದು ಕೇಳುತ್ತಿದ್ದರು. ಕಾದಿದೆಯೆನ್ನಲು ಅವನಿಗೆ ಬಾಯಿ ಬರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಸೀತಾಪತಿ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಬಗೆದು, ಮೆಲ್ಲನೆ ಕೇಳಿದ:

"ಹಾಗಾದರೆ, ಗುರುಗಳೇ, ಹೆಂಡತಿಯ ಪದ್ಧತಿಯನ್ನು ಅಷ್ಟೊಂದು ನಿಷ್ಠೆಯಿಂದ ನಡೆಸಿದ್ದೇ ಅವನ ತಪ್ಪಾಯಿತೇ?"

"ಅವಳ ಪದ್ಧತಿಯನ್ನು ಅವನು ಒಂದು ದಿನವೂ ನಡೆಸಲಿಲ್ಲ" ಎಂದರು ಗುರುಗಳು.